ತಪ್ಪು ಯಾರದ್ದು? ಕಂಪ್ಯೂಟರ್ ಮೆಮೊರಿಯನ್ನು ಪರೀಕ್ಷಿಸುವ ಬಗೆ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಲ್ಯಾಬಿನ ಕಿಟಕಿ ಪಕ್ಕದ ಒಂಬತ್ತನೇ ನಂಬರಿನ ಕಂಪ್ಯೂಟರ್ ಈ ವರ್ಷ ಎರಡು ವಾರ ಎಲ್ಲರನ್ನೂ ಸತಾಯಿಸಿತು. ಕೆಲಸ ಮಾಡುತ್ತಿರುವಾಗಲೇ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಮತ್ತೆ ಆನ್ ಮಾಡಿದರೆ ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಅದೇ ಕಥೆ. ಒಂದು ದಿನ ನಮ್ಮ ಗುಂಪಿನ ಪ್ರಾಜೆಕ್ಟ್ ಫೈಲ್ ತೆರೆಯಲೇ ಇಲ್ಲ. ಮೂರು ದಿನ ಕೂತು ಟೈಪ್ ಮಾಡಿದ ಲೆಕ್ಕ ಹೋಯಿತು.

ಅದರ ಹಿಂದಿನ ದಿನ ಪ್ರಥಮ ಪಿಯುಸಿಯ ಒಬ್ಬ ಹುಡುಗ ಅದೇ ಕಂಪ್ಯೂಟರಿಗೆ ತನ್ನ ಪೆನ್ ಡ್ರೈವ್ ಹಾಕಿದ್ದ. ಅಷ್ಟೇ ಸಾಕಾಯಿತು. "ಅವನೇ ವೈರಸ್ ತಂದದ್ದು" ಎಂದು ಎಲ್ಲರೂ ಹೇಳತೊಡಗಿದೆವು. ಸುಳ್ಳು ಹೇಳಬಾರದು, ಜೋರಾಗಿ ಹೇಳಿದವರಲ್ಲಿ ನಾನೂ ಒಬ್ಬ. ಪೆನ್ ಡ್ರೈವ್ ಸ್ಕ್ಯಾನ್ ಮಾಡಿದಾಗ ಅದರಲ್ಲಿ ನಿಜವಾಗಿಯೂ ಶಾರ್ಟ್‌ಕಟ್ ವೈರಸ್ ಸಿಕ್ಕಿತು. ಝೆರಾಕ್ಸ್ ಅಂಗಡಿಗೆ ಹೋಗಿಬರುವ ಪೆನ್ ಡ್ರೈವ್‌ಗಳಲ್ಲಿ ಅದು ಇರುವುದು ಹೊಸದೇನಲ್ಲ. ಆದರೆ ನಮಗೆ ಸಾಕ್ಷಿ ಸಿಕ್ಕಂತಾಯಿತು. ಆ ಹುಡುಗ ನಾಲ್ಕು ದಿನ ಲ್ಯಾಬಿನ ಕಡೆ ಬರಲಿಲ್ಲ.

ವೈರಸ್ ತೆಗೆದರೂ ಕಂಪ್ಯೂಟರ್ ಸರಿಯಾಗಲಿಲ್ಲ. ವಿಂಡೋಸ್ ಹೊಸದಾಗಿ ಹಾಕಲು ಹೋದರೆ ಅದೂ ಅರ್ಧಕ್ಕೆ ನಿಂತು ದೋಷ ತೋರಿಸಿತು. ಆಗ ನಮ್ಮ ಕಂಪ್ಯೂಟರ್ ಉಪನ್ಯಾಸಕರು, "ಇದು ಸಾಫ್ಟ್‌ವೇರಿನ ಕಾಯಿಲೆ ಥರ ಕಾಣ್ತಿಲ್ಲ. ಮೆಮೊರಿ ನೋಡೋಣ" ಎಂದರು. ಒಂದು ರಾತ್ರಿ ಪರೀಕ್ಷೆ ಓಡಿಸಿಟ್ಟರು. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲುಗಳು. ಹಾಳಾಗಿದ್ದದ್ದು ಒಳಗಿದ್ದ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದು.

ಆ ಕೆಂಪು ಸಾಲುಗಳ ಅರ್ಥ ತಿಳಿಯಬೇಕೆಂದು ನಾನು ಸರ್ ಅವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ವಿಭಾಗದವರಿಗೆ ಇದರಲ್ಲಿ ಕೆಲವು ಮೊದಲೇ ಗೊತ್ತಿರಬಹುದು. ನಮ್ಮಂಥ ವಾಣಿಜ್ಯದವರಿಗೂ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಮೆಮೊರಿ ಎಂದರೆ ಯಾವುದು?

ಕಂಪ್ಯೂಟರಿನಲ್ಲಿ ಫೈಲುಗಳು ಶಾಶ್ವತವಾಗಿ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಕೆಲಸ ಮಾಡುವಾಗ ಬೇಕಾದದ್ದನ್ನು ಅಲ್ಲಿಂದ ತಂದು ಇಟ್ಟುಕೊಳ್ಳುವ ಜಾಗವೇ ರ‍್ಯಾಮ್. ಅಂಗಡಿಗೆ ಹೋಲಿಸಿದರೆ ಹಾರ್ಡ್ ಡಿಸ್ಕ್ ಗೋದಾಮು, ರ‍್ಯಾಮ್ ಗಲ್ಲಾದ ಮೇಜು. ಕರೆಂಟ್ ಹೋದರೆ ಮೇಜು ಖಾಲಿ. ಈ ಲೇಖನದಲ್ಲಿ ಮೆಮೊರಿ ಎಂದಾಗಲೆಲ್ಲ ರ‍್ಯಾಮ್ ಎಂದೇ ತಿಳಿಯಿರಿ.

ಇಂದಿನ ಕಂಪ್ಯೂಟರ್‌ಗಳಲ್ಲಿರುವ ಬಗೆಯ ಮೆಮೊರಿಯನ್ನು ಕಂಡುಹಿಡಿದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್. 1968ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಒಂದು ಬಿಟ್ ಇಡಲು ಒಂದು ಪುಟ್ಟ ಕೆಪ್ಯಾಸಿಟರ್ ಮತ್ತು ಅದಕ್ಕೆ ಬಾಗಿಲಿನಂತೆ ಒಂದು ಟ್ರಾನ್ಸಿಸ್ಟರ್. ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ ತುಂಬಿದ್ದರೆ 1, ಇಲ್ಲದಿದ್ದರೆ 0 ಎಂದು ಇಟ್ಟುಕೊಳ್ಳೋಣ. ಕೆಪ್ಯಾಸಿಟರ್ ತೂತಿರುವ ಬಿಂದಿಗೆಯ ಹಾಗೆ, ತುಂಬಿದ್ದು ನಿಧಾನವಾಗಿ ಸೋರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ನಾವು ಕೀಬೋರ್ಡ್ ಮುಟ್ಟದೆ ಸುಮ್ಮನೆ ಕೂತಿದ್ದರೂ ಮೆಮೊರಿಯ ಒಳಗೆ ಈ ಕೆಲಸ ನಿಲ್ಲುವುದಿಲ್ಲ.

ಎಷ್ಟು ಬಿಂದಿಗೆಗಳು? ನಮ್ಮ ಲ್ಯಾಬಿನ ಆ ಕಂಪ್ಯೂಟರಿನಲ್ಲಿ 4 ಜಿಬಿ ಮೆಮೊರಿ ಇತ್ತು, 2 ಜಿಬಿಯ ಎರಡು ಪಟ್ಟಿಗಳು. ಒಂದು ಬೈಟಿಗೆ 8 ಬಿಟ್‌ನಂತೆ ಲೆಕ್ಕ ಹಾಕಿದರೆ 34,35,97,38,368 ಬಿಟ್‌ಗಳು, ಅಂದರೆ ಸುಮಾರು 3,436 ಕೋಟಿ. ಇಷ್ಟರಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ತೊಂದರೆ ಶುರು.

ಒಂದು ಬಿಟ್ ತಪ್ಪಿದರೆ ಏನು ಮಹಾ?

ನಮ್ಮ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಹೀಗೆ ನಡೆದಿದೆ ಎಂದು ಹೇಳುತ್ತಿಲ್ಲ, ಲೆಕ್ಕ ಅರ್ಥವಾಗಲೆಂದು ಮಾತ್ರ. ರೈತರೊಬ್ಬರು ತಂದ ಬೇಲು 120 ಕೆಜಿ ತೂಗಿತು. ಕಂಪ್ಯೂಟರ್ ಇದನ್ನು ಎರಡರ ಲೆಕ್ಕದಲ್ಲಿ 01111000 ಎಂದು ಇಟ್ಟುಕೊಳ್ಳುತ್ತದೆ. ಅಂದರೆ 64 + 32 + 16 + 8. ಈಗ 16ರ ಸ್ಥಾನದ ಬಿಟ್ ಕೆಟ್ಟು ಯಾವಾಗಲೂ 0 ಆಗಿಯೇ ಉಳಿಯುತ್ತದೆ ಎಂದುಕೊಳ್ಳಿ. ಓದುವಾಗ ಸಿಗುವುದು 01101000, ಅಂದರೆ 104. ರೈತರ 16 ಕೆಜಿ ಸೊಪ್ಪು ಕಾಗದದ ಮೇಲೆ ಮಾಯ!

ಮುಂದಿನ ಬೇಲು 100 ಕೆಜಿ ಇದ್ದರೆ? ಅದು 01100100. ಇದರಲ್ಲಿ 16ರ ಸ್ಥಾನದಲ್ಲಿ ಮೊದಲೇ 0 ಇದೆ. ಹಾಗಾಗಿ 100 ಬರೆದರೆ 100 ಎಂದೇ ಓದುತ್ತದೆ. ಬಿಟ್ ಕೆಟ್ಟೇ ಇದೆ, ಆದರೆ ತಪ್ಪು ಕಾಣುವುದಿಲ್ಲ. ಒಂಬತ್ತನೇ ಕಂಪ್ಯೂಟರ್ ಅರ್ಧ ಗಂಟೆ ಸರಿಯಿದ್ದು ಆಮೇಲೆ ಕೈಕೊಡುತ್ತಿದ್ದದ್ದು ಇದಕ್ಕೇ. ಕೆಟ್ಟ ಜಾಗವನ್ನು ಬಳಸುವ ತನಕ, ಅಲ್ಲಿ ತಪ್ಪು ಕಾಣುವಂಥ ಸಂಖ್ಯೆ ಬರುವ ತನಕ ಎಲ್ಲ ಸರಿಯಾಗಿಯೇ ನಡೆಯುತ್ತದೆ.

ಕೆಟ್ಟ ಬಿಟ್ ಇರುವ ಜಾಗದಲ್ಲಿ ವಿಂಡೋಸಿನ ಆದೇಶವೊಂದು ಕೂತಿದ್ದರೆ ಕಂಪ್ಯೂಟರ್ ನಿಲ್ಲುತ್ತದೆ. ಚಿತ್ರ ಕೂತಿದ್ದರೆ ಒಂದು ಚುಕ್ಕಿಯ ಬಣ್ಣ ಬದಲಾಗುತ್ತದೆ, ಯಾರೂ ಗಮನಿಸುವುದಿಲ್ಲ. ನಮ್ಮ ಪ್ರಾಜೆಕ್ಟ್ ಫೈಲ್ ಕೂತಿದ್ದಾಗ ಸೇವ್ ಒತ್ತಿದರೆ ತಪ್ಪು ಸಮೇತ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಈ ಕೊನೆಯದು ಎಲ್ಲಕ್ಕಿಂತ ಅಪಾಯ. ಕಂಪ್ಯೂಟರ್ ನಿಂತರೆ ನಮಗೆ ಗೊತ್ತಾಗುತ್ತದೆ, ತಪ್ಪು ಸಂಖ್ಯೆ ಸದ್ದಿಲ್ಲದೆ ಸೇವ್ ಆದರೆ ಗೊತ್ತಾಗುವುದಿಲ್ಲ.

ಇಂಥದ್ದು ಚುನಾವಣೆಯಲ್ಲೂ ನಡೆದಿದೆ. 2003ರ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ಮತದಾನವಿತ್ತು. ಬ್ರಸೆಲ್ಸ್ ಪ್ರದೇಶದ ಸ್ಕಾರ್‌ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮತ್ತೆ ಎಣಿಸಿ ನೋಡಿದರೆ ಸರಿಯಾಗಿ 4096 ಮತ ಹೆಚ್ಚು. 2 ಅನ್ನು 12 ಬಾರಿ ಗುಣಿಸಿದರೆ ಬರುವುದು 4096. ಅಂದರೆ ಎರಡರ ಲೆಕ್ಕದಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸ. ತಜ್ಞರು ಪ್ರೋಗ್ರಾಂ ಪರಿಶೀಲಿಸಿದರೂ ತಪ್ಪು ಸಿಗಲಿಲ್ಲ. ಮೆಮೊರಿಯ ಒಂದು ಬಿಟ್ ತಾನಾಗಿಯೇ 0ಯಿಂದ 1ಕ್ಕೆ ತಿರುಗಿರಬೇಕು ಎಂಬ ತೀರ್ಮಾನಕ್ಕೆ ಬಂದರು.

ಮೆಮೊರಿ ಕೆಡುವುದು ಯಾಕೆ?

ಎರಡು ಬಗೆಯ ತಪ್ಪುಗಳಿವೆ. ಮೊದಲನೆಯದು ತಾತ್ಕಾಲಿಕ. ಚಿಪ್ ಚೆನ್ನಾಗಿಯೇ ಇರುತ್ತದೆ, ಒಂದು ಬಿಟ್ ಒಮ್ಮೆ ತಿರುಗುತ್ತದೆ ಅಷ್ಟೆ. ಹೊಸದಾಗಿ ಬರೆದರೆ ಸರಿ. 1978ರಲ್ಲಿ ಇಂಟೆಲ್ ಸಂಸ್ಥೆಯ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್ ಇದರ ಒಂದು ಕಾರಣ ತೋರಿಸಿದರು. ಚಿಪ್ಪಿನ ಹೊದಿಕೆಯಲ್ಲಿ ಅತಿ ಸೂಕ್ಷ್ಮ ಪ್ರಮಾಣದಲ್ಲಿದ್ದ ವಿಕಿರಣಶೀಲ ವಸ್ತುವಿನಿಂದ ಹೊರಟ ಆಲ್ಫಾ ಕಣಗಳು ಬಿಟ್‌ಗಳನ್ನು ಕೆಡಿಸುತ್ತಿದ್ದವು. ಆಕಾಶದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಗಳಿಂದಲೂ ಹೀಗಾಗುತ್ತದೆ. ಈ ಕಿರಣಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ನಮ್ಮ ಕೋಲಾರದ ಚಿನ್ನದ ಗಣಿಯ ಆಳಕ್ಕೆ ಹೋಗಿ 1960ರ ದಶಕದಲ್ಲಿ ನ್ಯೂಟ್ರಿನೊ ಪ್ರಯೋಗ ಮಾಡಿದ್ದರು.

ಎರಡನೆಯದು ಶಾಶ್ವತ ತಪ್ಪು. ಚಿಪ್ಪಿನ ಒಂದು ಜಾಗವೇ ಹಾಳಾಗಿರುತ್ತದೆ. ತಯಾರಿಕೆಯ ದೋಷ, ಬಿಸಿ, ಸ್ಥಿರ ವಿದ್ಯುತ್ತಿನ ಹೊಡೆತ, ವೋಲ್ಟೇಜಿನ ಏರುಪೇರು, ವಯಸ್ಸು ಎಲ್ಲವೂ ಕಾರಣವಾಗಬಹುದು. ಪರೀಕ್ಷೆಗೆ ಸುಲಭವಾಗಿ ಸಿಗುವುದು ಈ ಎರಡನೆಯದು.

2009ರಲ್ಲಿ ಗೂಗಲ್ ಸಂಸ್ಥೆಯ ಸಾವಿರಾರು ಸರ್ವರ್‌ಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಒಂದು ವರ್ಷದಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ಕನಿಷ್ಠ ಒಂದು ತಪ್ಪಾದರೂ ಕಂಡಿತ್ತು. ಅವುಗಳಲ್ಲಿ ಹೆಚ್ಚಿನವು ಶಾಶ್ವತ ಬಗೆಯವು ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಹಾಗಾಗಿ ಮೆಮೊರಿ ಕೆಡುವುದು ಕೋಟಿಗೊಂದು ನಡೆಯುವ ಅಪರೂಪದ ಸಂಗತಿಯಲ್ಲ.

ಪರೀಕ್ಷೆ ಹೇಗೆ ನಡೆಯುತ್ತದೆ?

ಮೂಲ ಉಪಾಯ ತುಂಬ ಸರಳ. ಒಂದು ಗೊತ್ತಿರುವ ಸಂಖ್ಯೆಯನ್ನು ಬರೆ, ಮತ್ತೆ ಓದು, ಎರಡೂ ಒಂದೇನಾ ನೋಡು. ಆದರೆ ಯಾವ ಸಂಖ್ಯೆ, ಯಾವ ಕ್ರಮ, ಎಷ್ಟು ಹೊತ್ತು ಬಿಟ್ಟು ಎಂಬುದರಲ್ಲಿ ಜಾಣತನವಿದೆ. ಇದನ್ನು ಓದುವಾಗ ನನಗೆ ನಮ್ಮ ಅಣ್ಣ ಮದರಸಾದಲ್ಲಿ ಹಿಫ್ಜ್ ಮಾಡುತ್ತಿದ್ದ ದಿನಗಳು ನೆನಪಾದವು. ಹಿಫ್ಜ್ ಎಂದರೆ ಕುರ್‌ಆನನ್ನು ಪೂರ್ತಿ, ಮೂವತ್ತು ಭಾಗಗಳನ್ನೂ, ಬಾಯಿಪಾಠ ಮಾಡುವುದು. ಅದೂ ಒಂದು ಮೆಮೊರಿ. ಅದನ್ನು ಪರೀಕ್ಷಿಸಲು ಉಸ್ತಾದರು ಮಾಡುತ್ತಿದ್ದದ್ದನ್ನೇ ಕಂಪ್ಯೂಟರಿನ ಪರೀಕ್ಷೆಯೂ ಮಾಡುತ್ತದೆ.

ಮೊದಲನೆಯದಾಗಿ, ಕಲಿತ ಕೂಡಲೇ ಕೇಳಿದರೆ ಯಾರಾದರೂ ಹೇಳುತ್ತಾರೆ. ಉಸ್ತಾದರು ಇವತ್ತಿನ ಪಾಠದ ಜೊತೆಗೆ ಹೋದ ವಾರದ್ದನ್ನೂ, ಹೋದ ವರ್ಷದ್ದನ್ನೂ ಕೇಳುತ್ತಾರೆ. ಹಳೆಯ ಪಾಠ ಒಪ್ಪಿಸುವುದಕ್ಕೆ ಮಂಜಿಲ್ ಎನ್ನುತ್ತಾರೆ. ಕಂಪ್ಯೂಟರಿನ ಪರೀಕ್ಷೆಯಲ್ಲೂ ಬರೆದು ಕೆಲವು ನಿಮಿಷ ಸುಮ್ಮನಿದ್ದು ಆಮೇಲೆ ಓದುವ ಹಂತವಿದೆ. ಸೋರಿಕೆ ಹೆಚ್ಚಿರುವ ಬಿಟ್‌ಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಎರಡನೆಯದಾಗಿ, ಒಂದೇ ಪ್ರಶ್ನೆ ಸಾಲದು. ಎಲ್ಲ ಕಡೆ 0 ಬರೆದು ಓದಿದರೆ ಯಾವಾಗಲೂ 0 ಆಗಿಯೇ ಉಳಿಯುವ ಬಿಟ್ ಪಾಸಾಗಿಬಿಡುತ್ತದೆ. ಆದ್ದರಿಂದ ಎಲ್ಲ 0, ಎಲ್ಲ 1, ಆಮೇಲೆ 01010101, ಅದರ ತಿರುವು 10101010, ಆಮೇಲೆ ಒಂದೇ ಒಂದು 1 ಎಡದಿಂದ ಬಲಕ್ಕೆ ನಡೆದು ಹೋಗುವಂತೆ, ಆಮೇಲೆ ಯದ್ವಾತದ್ವಾ ಸಂಖ್ಯೆಗಳು, ಹೀಗೆ ಬೇರೆ ಬೇರೆ ಮಾದರಿಗಳಲ್ಲಿ ಬರೆಯುತ್ತಾರೆ.

ಮೂರನೆಯದಾಗಿ, ಹಿಫ್ಜ್ ಮಾಡುವವರಿಗೆ ಹೆಚ್ಚು ಕಷ್ಟ ಕೊಡುವುದು ಒಂದೇ ಥರ ಇರುವ ವಾಕ್ಯಗಳು. ಒಂದು ಅಧ್ಯಾಯದಲ್ಲಿ ಓದುತ್ತಾ ಹೋದವರು ಅದೇ ಥರದ ವಾಕ್ಯ ಬಂದಾಗ ಗೊತ್ತಿಲ್ಲದೆ ಇನ್ನೊಂದು ಅಧ್ಯಾಯಕ್ಕೆ ಜಾರುತ್ತಾರೆ. ಹೇಳಿದ ಪದಗಳೆಲ್ಲ ಸರಿ, ಜಾಗ ಮಾತ್ರ ಬೇರೆ. ಮೆಮೊರಿಯಲ್ಲೂ ಈ ತಪ್ಪಿದೆ. 500ನೇ ಮನೆಗೆ ಬರೆ ಎಂದರೆ ಚಿಪ್ಪು 756ನೇ ಮನೆಗೆ ಬರೆಯಬಹುದು. ಇದು ವಿಳಾಸದ ತಪ್ಪು. ಎಲ್ಲ ಮನೆಗಳಲ್ಲೂ ಒಂದೇ ಸಂಖ್ಯೆ ಇದ್ದರೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೆ ಪ್ರತಿ ಮನೆಯಲ್ಲೂ ಅದರದೇ ನಂಬರನ್ನು ಬರೆದು ಬಂದು, ಆಮೇಲೆ ಮೊದಲಿನಿಂದ ಓದುತ್ತಾರೆ.

ನಾಲ್ಕನೆಯದು ಪಕ್ಕದ ಮನೆಯ ಕಾಟ. ಒಂದು ಬಿಟ್ಟಿಗೆ ಬರೆದಾಗ ಪಕ್ಕದ ಬಿಟ್ ಬದಲಾಗಿಬಿಡುವ ತಪ್ಪು ಇದು. ಇದನ್ನು ಹಿಡಿಯಲು ಮಾರ್ಚ್ ಎಂಬ ಪರೀಕ್ಷೆಯಿದೆ. ತಿಂಗಳ ಹೆಸರಲ್ಲ, ಸಾಲಾಗಿ ನಡೆಯುವುದು ಎಂಬ ಅರ್ಥ. ಮೊದಲು ಎಲ್ಲಕ್ಕೂ 0 ಬರೆಯುತ್ತಾರೆ. ಆಮೇಲೆ ಕೆಳಗಿನ ಮನೆಯಿಂದ ಮೇಲಕ್ಕೆ ಹೋಗುತ್ತಾ ಪ್ರತಿಯೊಂದರಲ್ಲೂ 0 ಇದೆಯೇ ಎಂದು ಓದಿ 1 ಬರೆಯುತ್ತಾರೆ. ಮತ್ತೆ ಕೆಳಗಿನಿಂದ ಮೇಲಕ್ಕೆ, 1 ಓದಿ 0 ಬರೆಯುತ್ತಾರೆ. ಆಮೇಲೆ ಇದೇ ಎರಡನ್ನು ಮೇಲಿನಿಂದ ಕೆಳಕ್ಕೆ ಮಾಡುತ್ತಾರೆ. ಕೊನೆಗೆ ಒಮ್ಮೆ ಎಲ್ಲವನ್ನೂ ಓದುತ್ತಾರೆ. ಓದುವುದು, ಬರೆಯುವುದು ಸೇರಿ ಪ್ರತಿ ಮನೆಯಲ್ಲೂ ಒಟ್ಟು 10 ಕೆಲಸ. ಮೇಲೆ ಹೋಗುವಾಗ ಕಾಣದ ಕಾಟ ಕೆಳಗೆ ಬರುವಾಗ ಕಾಣುತ್ತದೆ.

ನಮ್ಮ ಲ್ಯಾಬಿನ ಕೆಂಪು ಸಾಲುಗಳಲ್ಲಿ ಇದ್ದದ್ದೂ ಇಷ್ಟೇ. ಬರೆದದ್ದು ಏನು, ಓದಿದ್ದು ಏನು, ಯಾವ ವಿಳಾಸದಲ್ಲಿ. ಸರ್ ಒಂದು ಸಾಲನ್ನು ಬೋರ್ಡಿನ ಮೇಲೆ ಬಿಡಿಸಿ ಬರೆದರು. ಬರೆದದ್ದು 11111111, ಓದಿದ್ದು 11101111. ನಾಲ್ಕನೆಯದು 0. ಅದರ ಕೆಳಗಿನ ಸಾಲುಗಳಲ್ಲೂ ಅದೇ ಸ್ಥಾನ. ವೈರಸ್ ಆಗಿದ್ದರೆ ವಿಂಡೋಸ್ ಓಡದೇ ಇರುವಾಗಲೂ, ಪ್ರತಿ ಸಲವೂ, ಅದೇ ಒಂದು ಬಿಟ್ ತಪ್ಪಾಗುವುದು ಹೇಗೆ?

ಪರೀಕ್ಷೆ ಮಾಡುವ ಕ್ರಮ

ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಕಂಪ್ಯೂಟರ್ ಇರುವವರು ಇದನ್ನು ಸ್ವತಃ ಮಾಡಬಹುದು.

1. ಮೊದಲು ಮುಖ್ಯ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಪರೀಕ್ಷೆ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ಆದರೆ ಮೆಮೊರಿ ಕೆಟ್ಟಿರುವ ಅನುಮಾನ ಇರುವಾಗ ಹಳೆಯ ಕಾಪಿಯ ಮೇಲೆ ಹೊಸದನ್ನು ಹಾಕಬೇಡಿ. ಹೊಸ ಕಾಪಿಯಲ್ಲೇ ತಪ್ಪು ಸೇರಿರಬಹುದು.

2. ವಿಂಡೋಸಿನಲ್ಲೇ ಒಂದು ಪರೀಕ್ಷೆ ಇದೆ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂದು ಹುಡುಕಿ. ತೆರೆದ ಫೈಲುಗಳನ್ನು ಮುಚ್ಚಿ ರೀಸ್ಟಾರ್ಟ್ ಒತ್ತಿ. ಕಂಪ್ಯೂಟರ್ ಮತ್ತೆ ಆನ್ ಆಗುವಾಗ ನೀಲಿ ಪರದೆಯಲ್ಲಿ ಪರೀಕ್ಷೆ ನಡೆಯುತ್ತದೆ. ಆಗ ಎಫ್1 ಒತ್ತಿದರೆ ಬೇಸಿಕ್, ಸ್ಟ್ಯಾಂಡರ್ಡ್, ಎಕ್ಸ್‌ಟೆಂಡೆಡ್ ಎಂಬ ಆಯ್ಕೆಗಳು ಸಿಗುತ್ತವೆ. ಫಲಿತಾಂಶ ಲಾಗಿನ್ ಆದ ಮೇಲೆ ಕಾಣುತ್ತದೆ.

3. ಇದರಲ್ಲಿ ಏನೂ ಸಿಗದೆ ಅನುಮಾನ ಉಳಿದರೆ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಬಳಸಿ. ಎರಡೂ ಉಚಿತವಾಗಿ ಸಿಗುತ್ತವೆ. ಮೆಮ್‌ಟೆಸ್ಟ್86 ಅನ್ನು ಮೊದಲು ಬರೆದವರು ಕ್ರಿಸ್ ಬ್ರೇಡಿ, 1994ರಲ್ಲಿ. ಇವನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಬೇಕು. ಯಾಕೆಂದರೆ ವಿಂಡೋಸ್ ಓಡುತ್ತಿದ್ದರೆ ಅದೇ ಮೆಮೊರಿಯ ಮೇಲೆ ಕೂತಿರುತ್ತದೆ. ಕೂತಿರುವ ಚಾಪೆಯನ್ನು ಕೊಡವಬೇಕಾದರೆ ಏಳಲೇಬೇಕು. ಪರೀಕ್ಷೆಯ ಪ್ರೋಗ್ರಾಂ ಕೂಡ ಒಂದಷ್ಟು ಮೆಮೊರಿಯಲ್ಲಿ ಕೂತಿರುತ್ತದೆ. ಮೆಮ್‌ಟೆಸ್ಟ್86 ಪ್ಲಸ್ ತಾನಿರುವ ಜಾಗವನ್ನೂ ಪರೀಕ್ಷಿಸಲು ನಡುವೆ ಬೇರೆ ಕಡೆ ಸರಿದು ಕೂರುತ್ತದೆ.

4. ಒಂದು ಸುತ್ತು ಸಾಲದು. ರಾತ್ರಿಯೆಲ್ಲ ಓಡಿಸಿಡುವುದು ಒಳ್ಳೆಯದು. ಕೆಲವು ತಪ್ಪುಗಳು ಚಿಪ್ ಬಿಸಿಯಾದ ಮೇಲೆ ಮಾತ್ರ ಕಾಣುತ್ತವೆ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಯುಪಿಎಸ್ ಇದ್ದರೆ ಅದಕ್ಕೆ ಜೋಡಿಸಿ.

5. ಎಷ್ಟು ತಪ್ಪು ಬಂದರೆ ಪರವಾಗಿಲ್ಲ? ಒಂದೂ ಬರಬಾರದು. ಇಲ್ಲಿ ಪಾಸ್ ಮಾರ್ಕ್ ನೂರಕ್ಕೆ ನೂರು.

6. ತಪ್ಪು ಬಂದರೆ ತಕ್ಷಣ ಹೊಸ ಪಟ್ಟಿ ಕೊಳ್ಳಬೇಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಹೋಗಲಾಡಿಸಿಕೊಳ್ಳಿ. ಪಟ್ಟಿಗಳನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಸರಿಯಾಗಿ ಕೂರಿಸಿ. ಎಷ್ಟೋ ಸಲ ಧೂಳು ಅಥವಾ ಸಡಿಲವೇ ಕಾರಣವಾಗಿರುತ್ತದೆ.

7. ಆಮೇಲೂ ತಪ್ಪು ಬಂದರೆ ಒಂದೊಂದೇ ಪಟ್ಟಿ ಹಾಕಿ ಪರೀಕ್ಷಿಸಿ. ತಪ್ಪು ತೋರಿಸಿದ ಪಟ್ಟಿಯನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ. ತಪ್ಪು ಪಟ್ಟಿಯ ಜೊತೆ ಹೋದರೆ ಪಟ್ಟಿ ಕೆಟ್ಟಿದೆ. ಸ್ಲಾಟಿನಲ್ಲೇ ಉಳಿದರೆ ಮದರ್‌ಬೋರ್ಡಿನ ಕಡೆ ನೋಡಬೇಕು. ಎಲ್ಲ ಪಟ್ಟಿಗಳೂ ಎಲ್ಲ ಕಡೆಯೂ ತಪ್ಪು ತೋರಿಸಿದರೆ ಪವರ್ ಸಪ್ಲೈ ಮೇಲೂ ಅನುಮಾನ ಪಡಬೇಕು.

8. ಪಟ್ಟಿ ಕೆಟ್ಟಿದೆ ಎಂದು ಖಚಿತವಾದರೆ ಬಿಲ್ ಹುಡುಕಿ. ಹಲವು ಕಂಪನಿಗಳು ಮೆಮೊರಿಗೆ ಬಹಳ ವರ್ಷಗಳ ವಾರಂಟಿ ಕೊಡುತ್ತವೆ. ತಪ್ಪು ಬಂದ ಪರದೆಯ ಫೋಟೋ ತೆಗೆದಿಟ್ಟುಕೊಂಡರೆ ಅಂಗಡಿಯವರ ಹತ್ತಿರ ಮಾತಾಡಲು ಅನುಕೂಲ.

ತಪ್ಪು ಸಿಗದಿದ್ದರೆ ಎಲ್ಲ ಸರಿ ಎಂದೇ?

ಇಲ್ಲಿ ವಾಣಿಜ್ಯದವರಿಗೆ ಒಂದು ಹಳೆಯ ಪಾಠ ನೆನಪಾಗಬೇಕು. ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ. ಡೆಬಿಟ್ ಮತ್ತು ಕ್ರೆಡಿಟ್ ಮೊತ್ತ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಖಂಡಿತ. ಹೊಂದಿದರೆ? ತಪ್ಪೇ ಇಲ್ಲ ಎಂದು ಹೇಳುವಂತಿಲ್ಲ. ಒಂದು ವ್ಯವಹಾರವನ್ನು ಬರೆಯಲೇ ಮರೆತಿದ್ದರೆ ಎರಡೂ ಕಡೆ ಹೊಂದುತ್ತದೆ. ರಹೀಮರ ಖಾತೆಗೆ ಹಾಕಬೇಕಾದದ್ದನ್ನು ರಮೇಶರ ಖಾತೆಗೆ ಹಾಕಿದ್ದರೂ ಹೊಂದುತ್ತದೆ. ಒಂದು ಕಡೆ ನೂರು ರೂಪಾಯಿ ತಪ್ಪಿ ಇನ್ನೊಂದು ಕಡೆ ಅಷ್ಟೇ ತಪ್ಪಿದ್ದರೂ ಹೊಂದುತ್ತದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ನಾವು ಇದನ್ನು ಬರೆಯುತ್ತೇವೆ, ಆದರೆ ಕಂಪ್ಯೂಟರಿಗೂ ಇದು ಅನ್ವಯಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಮೆಮೊರಿ ಪರೀಕ್ಷೆಯಲ್ಲಿ ಒಂದು ತಪ್ಪು ಬಂದರೆ ಎಲ್ಲೋ ಕೆಟ್ಟಿದೆ ಎಂಬುದು ಖಂಡಿತ. ತಪ್ಪು ಬರದಿದ್ದರೆ, ಈ ಮಾದರಿಗಳಲ್ಲಿ, ಈ ಬಿಸಿಯಲ್ಲಿ, ಇಷ್ಟು ಹೊತ್ತಿನಲ್ಲಿ ತಪ್ಪು ಕಾಣಲಿಲ್ಲ ಎಂದಷ್ಟೇ ಅರ್ಥ. ಕಾಸ್ಮಿಕ್ ಕಿರಣದಿಂದ ನಿನ್ನೆ ತಿರುಗಿದ ಒಂದು ಬಿಟ್ ಇವತ್ತಿನ ಪರೀಕ್ಷೆಗೆ ಸಿಗುವುದೇ ಇಲ್ಲ.

ಹಾಸನದಿಂದ ಆಕಾಶಕ್ಕೆ

ಹಾಗಾದರೆ ನಿಲ್ಲಿಸಿ ಪರೀಕ್ಷೆ ಮಾಡಲು ಆಗದ ಕಡೆ ಏನು ಮಾಡುತ್ತಾರೆ? ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆಯಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ನಮ್ಮ ತಲೆಯ ಮೇಲಿರುವಂತೆ ಗಾಳಿಯ ಹೊದಿಕೆ ಇಲ್ಲ, ವಿಕಿರಣ ಹೆಚ್ಚು. ಹಾಸನದಿಂದ ಹೋಗಿ ಪಟ್ಟಿ ತೆಗೆದು ರಬ್ಬರಿನಿಂದ ಉಜ್ಜಿ ಬರಲು ಆಗುವುದಿಲ್ಲ. ಆದ್ದರಿಂದ ಬಾಹ್ಯಾಕಾಶಕ್ಕೆ ಹೋಗುವ ಕಂಪ್ಯೂಟರ್‌ಗಳಲ್ಲಿ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಳ್ಳುವ ಮೆಮೊರಿ ಇಡುತ್ತಾರೆ.

ಅದರ ಹಿಂದಿನ ಗಣಿತ ಹೀಗಿದೆ. ಎಂಟು ಬಿಟ್‌ಗಳ ಜೊತೆ ಒಂಬತ್ತನೆಯದನ್ನು ಸೇರಿಸಿ, ಒಟ್ಟು 1ಗಳ ಸಂಖ್ಯೆ ಸಮ ಆಗುವಂತೆ ನೋಡಿಕೊಳ್ಳಿ. ಓದುವಾಗ ಬೆಸ ಬಂದರೆ ತಪ್ಪಿದೆ ಎಂದು ಗೊತ್ತಾಗುತ್ತದೆ. ಇದು ಪ್ಯಾರಿಟಿ. ಇದೂ ತಾಳೆಪಟ್ಟಿಯ ಹಾಗೆಯೇ, ಎರಡು ಬಿಟ್ ಒಟ್ಟಿಗೆ ತಪ್ಪಿದರೆ ಮತ್ತೆ ಸಮ ಬಂದು ತಪ್ಪಿಸಿಕೊಳ್ಳುತ್ತದೆ. ಅಲ್ಲದೆ ಯಾವ ಬಿಟ್ ತಪ್ಪಿತು ಎಂದು ಹೇಳುವುದಿಲ್ಲ. 1950ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ ಇನ್ನಷ್ಟು ಬಿಟ್‌ಗಳನ್ನು ಜಾಣತನದಿಂದ ಸೇರಿಸಿದರೆ ತಪ್ಪಿದ ಜಾಗವನ್ನೇ ಗುರುತಿಸಿ ತಿದ್ದಬಹುದು ಎಂದು ತೋರಿಸಿದರು. ಈಗ ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಮೆಮೊರಿಯಲ್ಲಿ ಸಾಮಾನ್ಯವಾಗಿ ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚು ಇರುತ್ತದೆ. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ತಿದ್ದಲಾಗದಿದ್ದರೂ ಹೇಳುತ್ತದೆ.

ರಂಜಾನಿನ ತರಾವೀಹ್ ನಮಾಜಿನಲ್ಲಿ ಇಮಾಮರು ಬಾಯಿಪಾಠದಿಂದ ಓದುವಾಗ ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹಾಫಿಜ್ ನಿಂತು ಕೇಳಿಸಿಕೊಳ್ಳುತ್ತಾರೆ. ಎಲ್ಲಾದರೂ ತಪ್ಪಿದರೆ ಅಲ್ಲಿಯೇ ಸರಿಯಾದ ಪದ ಎತ್ತಿಕೊಡುತ್ತಾರೆ. ನಮಾಜ್ ನಿಲ್ಲುವುದಿಲ್ಲ. ಇಸಿಸಿ ಮಾಡುವುದೂ ಅದನ್ನೇ.

ಅಷ್ಟಾದರೂ ಚಿಪ್ ಸಂಪೂರ್ಣ ಹಾಳಾದರೆ? 1977ರಲ್ಲಿ ಹೊರಟ ಅಮೆರಿಕದ ವಾಯೇಜರ್ 1 ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಅದು ಆಗ ಸುಮಾರು 2,400 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಒಂದು ಸಂದೇಶ ತಲುಪಲು ಇಪ್ಪತ್ತೆರಡು ಗಂಟೆಗೂ ಹೆಚ್ಚು ಬೇಕು. ಎಂಜಿನಿಯರ್‌ಗಳು ಅದರ ಒಂದು ಕಂಪ್ಯೂಟರಿನ ಮೆಮೊರಿಯಲ್ಲಿ ಇರುವುದನ್ನೆಲ್ಲ ಕಳಿಸು ಎಂದು ಕೇಳಿ, ಕೆಡುವುದಕ್ಕೆ ಮೊದಲಿನ ಪ್ರತಿಯ ಜೊತೆ ಹೋಲಿಸಿದರು. ಶೇಕಡಾ 3ರಷ್ಟು ಹಾಳಾಗಿತ್ತು, ಒಂದು ಚಿಪ್ಪಿನ ತಪ್ಪು. ಅಲ್ಲಿದ್ದ ಪ್ರೋಗ್ರಾಂ ಅನ್ನು ತುಂಡು ಮಾಡಿ ಒಳ್ಳೆಯ ಜಾಗಗಳಲ್ಲಿ ಹಂಚಿ ಇಟ್ಟರು. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ಸರಿಯಾಗಿ ಮಾತಾಡಿತು. ಬರೆ, ಓದು, ಹೋಲಿಸು ಎಂಬ ಉಪಾಯ ಅಷ್ಟು ದೂರದಲ್ಲೂ ಕೆಲಸ ಮಾಡಿತು.

ಮತ್ತೆ ನಮ್ಮ ಲ್ಯಾಬಿಗೆ

ಕೆಟ್ಟ ಪಟ್ಟಿ ತೆಗೆದ ಮೇಲೆ ಒಂಬತ್ತನೇ ಕಂಪ್ಯೂಟರ್ ಉಳಿದ 2 ಜಿಬಿಯಲ್ಲಿ ನಿಧಾನವಾಗಿ, ಆದರೆ ನಿಲ್ಲದೆ ಓಡುತ್ತಿದೆ. ವಿಂಡೋಸ್ ಒಂದೇ ಸಲಕ್ಕೆ ಪೂರ್ತಿ ಹಾಕಿದ್ದಾಯಿತು. ನಮ್ಮ ಪ್ರಾಜೆಕ್ಟನ್ನು ಮತ್ತೆ ಟೈಪ್ ಮಾಡಿದೆವು.

ಸರ್ ಆ ಕೆಂಪು ಸಾಲುಗಳ ಫೋಟೋವನ್ನು ಪ್ರಥಮ ವರ್ಷದ ತರಗತಿಯಲ್ಲಿ ತೋರಿಸಿ ಕಾರಣ ಹೇಳಿದರು. ನಾನು ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಮಾಫಿ ಕೇಳಿದೆ. ಅವನು, "ಪೆನ್ ಡ್ರೈವಲ್ಲಿ ವೈರಸ್ ಇದ್ದದ್ದು ನಿಜ ಅಲ್ವಾ, ನಾನೇ ಮಾಡಿದ್ದೇನೋ ಅಂತ ನನಗೂ ಅನ್ನಿಸಿತ್ತು" ಎಂದ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಮಾಡದ ತಪ್ಪನ್ನು ಅವನೂ ನಂಬಿಬಿಟ್ಟಿದ್ದ. ವೈರಸ್ ಇತ್ತು, ಆದರೆ ಕಂಪ್ಯೂಟರ್ ನಿಲ್ಲಲು ಕಾರಣ ಅದಾಗಿರಲಿಲ್ಲ. ಕಣ್ಣಿಗೆ ಕಂಡ ಒಂದು ತಪ್ಪಿನ ಮೇಲೆ ನಾವು ಕಾಣದ ಇನ್ನೊಂದನ್ನೂ ಹೊರಿಸಿದ್ದೆವು. ಪರೀಕ್ಷೆಗೆ ಬೇಕಾಗಿದ್ದದ್ದು ಒಂದು ರಾತ್ರಿ. ನಾವು ಆರೋಪ ಮಾಡಲು ತೆಗೆದುಕೊಂಡದ್ದು ಒಂದು ನಿಮಿಷ.

ಈಗ ಲ್ಯಾಬಿನ ರಿಜಿಸ್ಟರಿನಲ್ಲಿ ಪ್ರತಿ ಕಂಪ್ಯೂಟರಿನ ಮುಂದೆ ಮೆಮೊರಿ ಪರೀಕ್ಷೆಯ ದಿನಾಂಕ ಬರೆಯುವ ಹೊಸ ಕಾಲಂ ಬಂದಿದೆ. ಪರೀಕ್ಷೆಯ ಪೆನ್ ಡ್ರೈವ್ ಲ್ಯಾಬ್ ಸಹಾಯಕರ ಮೇಜಿನ ಡ್ರಾಯರಿನಲ್ಲಿದೆ. ಮನೆಯ ಕಂಪ್ಯೂಟರ್ ತೊಂದರೆ ಕೊಡುತ್ತಿದ್ದರೆ ಕೇಳಿ ತೆಗೆದುಕೊಂಡು ಹೋಗಬಹುದು. ವಾಪಸ್ ತಂದಾಗ ಸ್ಕ್ಯಾನ್ ಮಾಡಿಸಿಯೇ ಕೊಡಿ!